ಮರಣಶಾಸನಗಳಿಗೊಂದು ಮುಚ್ಚಿದ ಕೋಣೆ: ಕ್ಯೂಬ್ಸ್ ಆಪರೇಟಿಂಗ್ ಸಿಸ್ಟಂ ಜೊತೆ ಐದು ವಾರ

ಡೊಂಬಿವಿಲಿಯ ನಮ್ಮ ಮನೆಗೆ ಬರುವ ಕಾಗದಗಳೆಲ್ಲ ಬೇರೆಯವರ ಮನೆಯ ಗುಟ್ಟುಗಳು. ಉಡುಪಿ, ಕುಂದಾಪುರ ಮೂಲದ ಕುಟುಂಬಗಳ ವಿಭಾಗಪತ್ರ, ಮರಣಶಾಸನ, ಪಹಣಿಗಳನ್ನು ಮರಾಠಿಗೋ ಇಂಗ್ಲಿಷಿಗೋ ಅನುವಾದಿಸಿ ಮುಂಬಯಿಯ ಫೋರ್ಟ್‌ನ ವಕೀಲರಿಗೆ ಒಪ್ಪಿಸುತ್ತೇನೆ. ಕಳೆದ ಮಳೆಗಾಲದಲ್ಲಿ ಝೆರಾಕ್ಸ್ ಅಂಗಡಿಯಿಂದ ಮರಳಿದ ಪೆನ್‌ಡ್ರೈವ್ ವೈರಸ್ ಹೊತ್ತು ತಂದಿತು. ಒಬ್ಬ ಅಜ್ಜಿಯ ಮರಣಶಾಸನ ಅದೇ ಕಂಪ್ಯೂಟರಿನಲ್ಲಿತ್ತು. ಅದು ಹೊರಗೆ ಹೋಯಿತೋ ಇಲ್ಲವೋ, ನನಗೆ ತಿಳಿಯಲೇ ಇಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಮೊದಲ ವಾರ. ಇಂಥ ಕಡತಗಳನ್ನು ಕಾಪಾಡುವ ಆಪರೇಟಿಂಗ್ ಸಿಸ್ಟಂ ಹುಡುಕುತ್ತ ಮೊದಲು ನೋಡಿದ್ದು ಟೇಲ್ಸ್. ಪೆನ್‌ಡ್ರೈವ್‌ನಿಂದಲೇ ಓಡುತ್ತದೆ, ಕಂಪ್ಯೂಟರ್ ಆರಿಸಿದೊಡನೆ ಎಲ್ಲವನ್ನೂ ಮರೆಯುತ್ತದೆ, ಇಂಟರ್‌ನೆಟ್ ಸಂಪರ್ಕವೆಲ್ಲ ಗುರುತು ಮರೆಸುವ ಟಾರ್ ಜಾಲದ ಮೂಲಕವೇ. ಗುರುತು ಮರೆಸಬೇಕಾದವರಿಗೆ ಅದು ದೊಡ್ಡ ಆಸರೆ. ನನ್ನನ್ನು ಕಾಡುತ್ತಿರುವುದು ಬೇರೆ: ಕಕ್ಷಿದಾರರು ಕಳಿಸುವ ಕಡತವನ್ನು ನಾನು ತೆರೆಯಲೇಬೇಕು, ಅದರಲ್ಲಿ ಏನಿದ್ದರೂ ಪಕ್ಕದ ಕಡತಕ್ಕೆ ತಾಗಬಾರದು. ಅದಕ್ಕೆ ಕ್ಯೂಬ್ಸ್ ಆಯ್ದುಕೊಂಡೆ. ಯೊವಾನಾ ರುಟ್ಕೋವ್ಸ್ಕಾ ಮತ್ತು ಸಂಗಡಿಗರು ಕಟ್ಟಿದ ಇದರ 1.0 ಆವೃತ್ತಿ 2012ರಲ್ಲಿ ಬಂತು. ಝೆನ್ ಎಂಬ ತಳಹದಿಯ ಮೇಲೆ ಒಂದೇ ಯಂತ್ರದೊಳಗೆ ಹಲವು ಯಂತ್ರಗಳು; ಒಂದೊಂದೂ ಒಂದು 'ಕ್ಯೂಬ್'. ಎಲ್ಲವನ್ನೂ ಆಳುವ 'ಡಾಮ್ ಝೀರೋ'ಗೆ ನೆಟ್‌ವರ್ಕ್ ಇಲ್ಲವೇ ಇಲ್ಲ.

ಎರಡನೆಯ ವಾರ. ಲ್ಯಾಮಿಂಗ್ಟನ್ ರೋಡಿನಲ್ಲಿ 16 ಜಿಬಿ ರ‍್ಯಾಮ್ ಇರುವ ಹಳೆಯ ಥಿಂಕ್‌ಪ್ಯಾಡ್ ಕೊಂಡೆ. ಬಯಾಸ್‌ನಲ್ಲಿ ವಿಟಿ-ಡಿ (ಯಂತ್ರಾಂಶವನ್ನು ಕ್ಯೂಬ್‌ಗಳ ನಡುವೆ ಬೇರ್ಪಡಿಸುವ ಸೌಲಭ್ಯ) ಚಾಲೂ ಮಾಡಿದ ಮೇಲೆ ಅನುಸ್ಥಾಪನೆ ತೊಡಕಿಲ್ಲದೆ ಮುಗಿಯಿತು. ಡಿಸ್ಕ್ ಮೊದಲಿನಿಂದಲೇ ಗೂಢಲಿಪಿಯಲ್ಲಿರುತ್ತದೆ. ಆದರೆ ಬರಿದೇ ಮಲಗಿಸಿದರೆ (ಸ್ಲೀಪ್) ಕೀಲಿ ರ‍್ಯಾಮ್‌ನಲ್ಲಿ ಉಳಿಯುವುದರಿಂದ, ಲೋಕಲ್ ರೈಲು ಹತ್ತುವ ಮೊದಲು ಲ್ಯಾಪ್‌ಟಾಪನ್ನು ಪೂರ್ತಿ ಆರಿಸುತ್ತೇನೆ.

ಮೂರನೆಯ ವಾರ ಪೂರ್ತಿ ಕನ್ನಡಕ್ಕೇ ಹೋಯಿತು. ಕೆಲಸದ ಕ್ಯೂಬ್‌ನಲ್ಲಿ ಕನ್ನಡ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು. ಅದಕ್ಕೆ ನೆಟ್‌ವರ್ಕ್ ಕೊಟ್ಟು ಫಾಂಟ್ ಹಾಕಿದೆ, ಸರಿಯಾಯಿತು. ಮರುದಿನ ಮತ್ತೆ ಚೌಕಗಳು! ಎರಡು ಸಂಜೆ ಕಳೆದ ಮೇಲೆ ಕಾರಣ ಹೊಳೆಯಿತು. ಸಾಮಾನ್ಯ ಕ್ಯೂಬ್ ತನ್ನ ಮೂಲ ವ್ಯವಸ್ಥೆಯನ್ನು ಟೆಂಪ್ಲೇಟಿನಿಂದ ಎರವಲು ಪಡೆಯುತ್ತದೆ. ಆರಿಸಿದಾಗ ಹೋಮ್ ಮತ್ತು ಒಂದೆರಡು ಕೋಶಗಳಲ್ಲಿ ಇಟ್ಟದ್ದು ಮಾತ್ರ ಉಳಿಯುತ್ತದೆ, ಉಳಿದದ್ದೆಲ್ಲ ಹಿಂದಿನಂತಾಗುತ್ತದೆ. ಆದ್ದರಿಂದ ಡೆಬಿಯನ್ ಎಂಬ ಲಿನಕ್ಸ್‌ನ ಟೆಂಪ್ಲೇಟಿನಲ್ಲೇ ನೋಟೋ ಫಾಂಟುಗಳನ್ನೂ ಕನ್ನಡ ಟೈಪಿಸುವ ಸಾಧನ ಐಬಸ್-ಎಂ17ಎನ್ ಅನ್ನೂ ಹಾಕಿದೆ. ಕೆಜಿಪಿ ಕೀಲಿಮಣೆ ವಿನ್ಯಾಸ ಸಿಕ್ಕಿತು, ಕೈ ತಾನಾಗಿ ಓಡಿತು. ವೈರಸ್ ಹೊಕ್ಕು ವ್ಯವಸ್ಥೆಯನ್ನು ತಿದ್ದಿದರೂ ಅದು ಹೀಗೆಯೇ ಅಳಿಯುತ್ತದೆಂದು ಅರಿವಾದಾಗ ಆ ಎರಡು ಸಂಜೆಗಳು ದಂಡವೆನಿಸಲಿಲ್ಲ. ಹೋಮ್‌ನಲ್ಲಿ ಅಡಗಿದ್ದು ಮಾತ್ರ ಉಳಿದುಕೊಳ್ಳಬಲ್ಲದು, ಅದು ನೆನಪಿರಬೇಕು.

ಐದನೆಯ ವಾರ. ಈಗಿನ ಕ್ರಮ ಹೀಗಿದೆ: ಇಮೇಲ್‌ನ ಪಿಡಿಎಫ್ ಮೊದಲು ಬಳಸಿ ಎಸೆಯುವ ಕ್ಯೂಬ್‌ಗೆ ಹೋಗುತ್ತದೆ. ಅಲ್ಲಿ ಪ್ರತಿ ಪುಟವೂ ಬರಿಯ ಚಿತ್ರವಾಗಿ, ಹೊಸ ಪಿಡಿಎಫ್ ಆಗಿ ಮರಳುತ್ತದೆ. ಪಠ್ಯ ಹುಡುಕಲು ಬರುವುದಿಲ್ಲ, ಆದರೆ ನನಗೆ ಬರುವುದು ಹೆಚ್ಚಾಗಿ ಕೈಬರಹದ ಹಳೆಯ ಪತ್ರಗಳ ಸ್ಕ್ಯಾನ್ ಆದ್ದರಿಂದ ನಷ್ಟವಿಲ್ಲ. ಅನುವಾದ ನಡೆಯುವುದು ಈಗ ನೆಟ್‌ವರ್ಕ್ ಇಲ್ಲದ, ಗುರುತಿಗೆ ಕಿಟಕಿಗೆ ಕಪ್ಪು ಅಂಚು ಕೊಟ್ಟ ಕ್ಯೂಬ್‌ನಲ್ಲಿ. ಪ್ರತಿ ಕಕ್ಷಿದಾರರಿಗೆ ಒಂದು.

ಮುದ್ರಣ ಇನ್ನೂ ಬಗೆಹರಿದಿಲ್ಲ. ಮನೆಯ ಪ್ರಿಂಟರ್ ವೈ-ಫೈನಲ್ಲಿದೆ, ಮುಚ್ಚಿದ ಕ್ಯೂಬ್‌ಗೆ ಅದು ಕಾಣುವುದಿಲ್ಲ. ಪ್ರಿಂಟರಿಗೆ ಮಾತ್ರ ದಾರಿ ಬಿಟ್ಟು ಉಳಿದದ್ದೆಲ್ಲವನ್ನೂ ಫೈರ್‌ವಾಲ್‌ನಲ್ಲಿ ತಡೆದ ಬೇರೊಂದು ಕ್ಯೂಬ್ ಮಾಡಿ ಈ ಭಾನುವಾರ ನೋಡಬೇಕು. ಸೋಮವಾರ ಒಂದು ವಿಭಾಗಪತ್ರ ಒಪ್ಪಿಸಲಿಕ್ಕಿದೆ.