ಒಡೆದ ಅಚ್ಚಿನ ನಾಣ್ಯಗಳು: ನಾಲ್ಕನೇ ತಿಂಗಳ ಲೆಕ್ಕ

ಒಡೆದ ಅಚ್ಚಿನಲ್ಲಿ ಒತ್ತಿದ ನಾಣ್ಯ ಹುಡುಕಿ ಕೂಡಿಡುವುದು ನನ್ನ ಹವ್ಯಾಸ. ಈ ತಿಂಗಳು ಹೊಸದಾಗಿ ಸಿಕ್ಕಿದ್ದು ಕಡಿಮೆ, ಇದ್ದದ್ದನ್ನೇ ಮತ್ತೆ ವಿಂಗಡಿಸಿದ್ದು ಜಾಸ್ತಿ. ಆಟಿ ತಿಂಗಳ ಮಳೆಗೆ ಮಂಗಳೂರಿನ ಜೆಪ್ಪುವಿನಲ್ಲಿ ಸಂಜೆಯಾದರೆ ಕರೆಂಟು ಇಲ್ಲ. ತಲೆಗೆ ಕಟ್ಟುವ ಲೈಟ್ ಹಾಕಿಕೊಂಡು ಕೂತರೆ ಮನೆಯವಳಿಗೆ ನಗು.

'ಡೈ ಬ್ರೇಕ್' ಎಂದು ಬರೆದ ಡಬ್ಬಿಯಲ್ಲಿ 61 ನಾಣ್ಯಗಳಿದ್ದವು. ಈಗ 38 ಇವೆ. ಹೊರಗೆ ಹೋದವೆಲ್ಲ ಗೀರು, ಪೆಟ್ಟು, ಕಲೆ. ಡೈ ಅಂದರೆ ಅಚ್ಚು, ಅಲ್ವಾ? ಅಚ್ಚಿನಲ್ಲಿ ಬಿರುಕು ಬಿಟ್ಟರೆ ಒತ್ತುವಾಗ ಲೋಹ ಆ ಸಂದಿಗೆ ನುಗ್ಗುತ್ತದೆ. ಹಾಗಾಗಿ ನಾಣ್ಯದ ಮೇಲೆ ಉಬ್ಬಿದ ಗೆರೆ ಬರಬೇಕು. ತಗ್ಗಿದ್ದರೆ ಅದು ಸುಮ್ನೆ ಗೀರು. ನಮ್ಮ ಮಾಡಿನಿಂದ ಇಳಿಸಿದ, ಅಚ್ಚಿನಲ್ಲೇ ಒತ್ತಿದ ಹಳೇ ಹಂಚೊಂದರಲ್ಲಿ ಕಾರ್ಖಾನೆಯ ಹೆಸರಿನ ಮೇಲೆ ಅಡ್ಡಕ್ಕೆ ಇಂಥದ್ದೇ ಉಬ್ಬುಗೆರೆ ಇದೆ. ಅದನ್ನು ಬೆರಳಲ್ಲಿ ಸವರಿದ ಮೇಲೆಯೇ ನನಗೆ ವಿಷಯ ತಲೆಗೆ ಹೋದದ್ದು.

ಆ 38ಕ್ಕೆ ಈಗ ಡಬ್ಬಿಗಳು ನಾಲ್ಕು. ಬರೀ ಗೆರೆಯಿದ್ದರೆ ಕ್ರ್ಯಾಕ್. ಅಚ್ಚಿನ ನಡುವಿನ ಚೂರು ಹಾರಿ ಬೊಟ್ಟಿನ ಹಾಗೆ ಕಂಡರೆ ಚಿಪ್. ಅಂಚು ಸೇರಿದಂತೆ ಒಂದು ತುಂಡೇ ಬಿದ್ದು, ಆ ಜಾಗದಲ್ಲಿ ಚಿತ್ರವೂ ಇಲ್ಲದೆ ನುಣ್ಣನೆ ದಿಬ್ಬ ಬಂದಿದ್ದರೆ ಕಡ್. ತುಂಡು ಒಡೆದರೂ ಬೀಳದೆ ಅಲ್ಲೇ ಕೂತಿದ್ದರೆ ರಿಟೇನ್ಡ್ ಕಡ್. ಇದರಲ್ಲಿ ಚಿತ್ರ ಇರುತ್ತದೆ, ಆದರೆ ಸ್ವಲ್ಪ ಎತ್ತರಕ್ಕೆ ಸರಿದಿರುತ್ತದೆ. ನಾಲ್ಕನೇ ಡಬ್ಬಿ ಇನ್ನೂ ಖಾಲಿ.

ಚಿಪ್ ಮೋಸ ಮಾಡುತ್ತದೆ. 1950ರ ದಶಕದ ಅಮೆರಿಕದ ಕೆಲವು ಲಿಂಕನ್ ಸೆಂಟ್‌ಗಳಲ್ಲಿ 'ಲಿಬರ್ಟಿ' ಪದದ ಬಿ ಮತ್ತು ಇ ಅಕ್ಷರಗಳ ಮಧ್ಯೆ ಚಿಪ್ ಬಂದು ಐ ಅಕ್ಷರದಂತೆ ಕಾಣುತ್ತದೆ. ಅಲ್ಲಿ ಅದನ್ನೇ ಹುಡುಕುವವರಿದ್ದಾರೆ. ನನಗೆ ಕೈಕೊಟ್ಟದ್ದು ಇಸವಿಯ ಕೆಳಗಿನ ಚುಕ್ಕೆ. ದುಂಡು ಚುಕ್ಕೆ ನೋಯ್ಡಾ ಟಂಕಸಾಲೆಯ ಗುರುತು, ನಕ್ಷತ್ರ ಹೈದರಾಬಾದಿನದು, ವಜ್ರದ ಆಕಾರ ಮುಂಬೈಯದು, ಕೋಲ್ಕತ್ತಾದ್ದಕ್ಕೆ ಗುರುತೇ ಇಲ್ಲ. ಒಂದನ್ನು ನೋಯ್ಡಾ ಎಂದು ಬರೆದೂ ಆಗಿತ್ತು. ಲೆನ್ಸ್ ಹಿಡಿದರೆ ಚುಕ್ಕೆ ಸೊಟ್ಟ, ನಡುವಿನಲ್ಲೂ ಇಲ್ಲ. ಕೋಲ್ಕತ್ತಾದ ನಾಣ್ಯ, ಮೇಲೊಂದು ಚಿಪ್, ಅಷ್ಟೇ.

ಈ ತಿಂಗಳ ಒಳ್ಳೆಯ ನಾಣ್ಯ ಪಕ್ಕದ ಮನೆಯ ಬಸ್ ಕಂಡಕ್ಟರ್ ಕೊಟ್ಟದ್ದು. "ಚಿಲ್ಲರೆಗೆ ನಮಗೇ ಬರ, ನೀವು ಅದನ್ನೂ ಎತ್ತಿಡ್ತೀರಲ್ಲ ಮಾರಾಯ್ರೆ" ಎನ್ನುತ್ತಲೇ ಕೊಟ್ಟ. 25 ಮಿ.ಮೀ. ಅಗಲದ ಹಳೇ ಸ್ಟೀಲ್ ಒಂದು ರೂಪಾಯಿ. ಸಿಂಹದ ಬದಿಯಲ್ಲಿ, ಗಡಿಯಾರದ 5 ಗಂಟೆಯ ಜಾಗದಲ್ಲಿ, ಅಕ್ಕಿಕಾಳಿನಷ್ಟು ದಿಬ್ಬ. ಹಿಂದೆ ತಿರುಗಿಸಿದರೆ 7 ಗಂಟೆಯ ಜಾಗದಲ್ಲಿ ಅಂಚು ಮಾಸಿದೆ. ನಮ್ಮ ನಾಣ್ಯಗಳ ಎರಡೂ ಬದಿಯ ತಲೆ ಒಂದೇ ಕಡೆಗಿರುವುದರಿಂದ, ಪುಟ ಮಗುಚಿದ ಹಾಗೆ ತಿರುಗಿಸಿದರೆ 5ರ ಬೆನ್ನಿಗೆ 7. ಈ ಕಡೆ ಅಚ್ಚಿನ ಹೊಂಡಕ್ಕೆ ಲೋಹ ಹರಿದುಹೋದರೆ ಆ ಕಡೆ ಒತ್ತಡ ಸಾಲುವುದಿಲ್ಲ, ಚಿತ್ರ ಸರಿಯಾಗಿ ಮೂಡುವುದಿಲ್ಲ. ಹಿಂಬದಿ ಹೀಗೆ ಮಾಸಿದ್ದರೆ ಅದು ಅಸಲಿ ಕಡ್ ಎಂದು ನನಗೆ ಅರ್ಧ ನಂಬಿಕೆ ಬಂದ ಹಾಗೆ.

ಇದು ಮೊದಲೇ ಗೊತ್ತಿದ್ದಿದ್ದರೆ 400 ರೂಪಾಯಿ ಉಳಿಯುತ್ತಿತ್ತು. ಹೋದ ವರ್ಷ ಒಂದು ನಾಣ್ಯ ಮೇಳದಲ್ಲಿ 'ದೊಡ್ಡ ಕಡ್' ಎಂದು ಕೊಂಡ ಇದೇ ಬಗೆಯ ಒಂದು ರೂಪಾಯಿಯ ಹಿಂಬದಿ ಲಕಲಕ ಹೊಳೆಯುತ್ತಿತ್ತು, ತೆನೆಯ ಒಂದು ಗೆರೆಯೂ ಮಾಸಿರಲಿಲ್ಲ. ಮೊನ್ನೆ ತೂಕ ಮಾಡಿದೆ. ಇರಬೇಕಾದದ್ದು 4.85 ಗ್ರಾಂ, ಇದು 5 ದಾಟಿತು. ಕಡ್ ಆದರೆ ಲೋಹ ಜಾಗ ಬದಲಿಸುತ್ತದೆ ಅಷ್ಟೇ, ತೂಕ ಏರುವುದಿಲ್ಲ. ನೈಲ್ ಪಾಲಿಶ್ ರಿಮೂವರಿನಲ್ಲಿ ರಾತ್ರಿಯಿಡೀ ನೆನೆಹಾಕಿದೆ. ಬೆಳಿಗ್ಗೆ ನನ್ನ ಕಡ್ ಮೆತ್ತಗಾಗಿ ಉಗುರಿಗೇ ಎದ್ದು ಬಂತು. ಗಮ್ಮು, ಮೇಲೆ ಬೆಳ್ಳಿ ಬಣ್ಣ! ಆ ನಾಣ್ಯವನ್ನು ಬಿಸಾಡಿಲ್ಲ, ಹೋಲಿಸಿ ನೋಡಲು ಬೇಕು.

ವಿಂಗಡಿಸಬೇಕಾದ ಐದು ರೂಪಾಯಿ ನಾಣ್ಯಗಳ ಡಬ್ಬಿ ಇನ್ನೂ ಬಿಚ್ಚಿಲ್ಲ. ಚೌತಿ ಕಳೆಯಲಿ.