ಪೇತ್ರನ ಹಿಮ್ಮಡಿ

ಇವತ್ತು ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಒಂದು ಗಂಟೆ ಸುಮ್ನೆ ಕೂತಿದ್ದೆ. ಜಪಮಾಲೆ ಬ್ಯಾಗಿನಲ್ಲೇ ಇತ್ತು. ಕತ್ತೆತ್ತಿ ನೋಡಿದ್ದೇ ಪ್ರಾರ್ಥನೆ ಆಯಿತು.

ಇಟಲಿಯ ಬ್ರದರ್ ಅಂತೋನಿಯೊ ಮೊಸ್ಕೇನಿ ಜೆಸ್ವಿಟರು, ಅಂದರೆ ಯೇಸುಸಭೆ ಎಂಬ ಕ್ಯಾಥೊಲಿಕ್ ಸನ್ಯಾಸಿ ಸಂಘದವರು. 1899ರಲ್ಲಿ ಮಂಗಳೂರಿಗೆ ಬಂದು, ಸುಮಾರು ಎರಡು ವರ್ಷದಲ್ಲಿ ಈ ಚಾಪೆಲ್‌ನ ಗೋಡೆ, ಛಾವಣಿಯ ಇಷ್ಟೂ ಚಿತ್ರ ಬರೆದರು. ಗೋಡೆಯ ಮೇಲಿನವು ಫ್ರೆಸ್ಕೊ. ಗಾರೆ ಹಸಿ ಇರುವಾಗಲೇ ಬಣ್ಣ ಹಚ್ಚಬೇಕು, ಒಣಗಿದರೆ ಹಿಡಿಯೋದಿಲ್ಲ. ಅಂಥ ಕೆಲಸಕ್ಕೆ ಮನಸ್ಸು ಪೂರ್ತಿ ಅಲ್ಲೇ ಇರಬೇಕು, ಅಲ್ವಾ?

ಶುಭಸಂದೇಶದ, ಅಂದರೆ ಬೈಬಲ್‌ನಲ್ಲಿರುವ ಯೇಸುವಿನ ಕಥೆಯ, ದೃಶ್ಯದೊಳಗೆ ನಾವೇ ಹೋಗಿ ನಿಂತು ನೋಡುವ ಧ್ಯಾನವನ್ನು ಜೆಸ್ವಿಟರಿಗೆ ಕಲಿಸಿದ್ದು ಆ ಸಂಘ ಕಟ್ಟಿದ ಸಂತ ಇಗ್ನೇಷಿಯಸ್. ನಾನು ಅದನ್ನು ಬಣ್ಣದ ಪೆನ್ಸಿಲ್ ಹಿಡಿದು ಮಾಡುತ್ತೇನೆ. ದಿನಾ ಬೆಳಿಗ್ಗೆ ಅರ್ಧ ಗಂಟೆ. ಚಿತ್ರ ಚೆನ್ನಾಗಿ ಬರಲೇಬೇಕು ಅಂತಿಲ್ಲ.

ಈ ವಾರ ಯೇಸು ಶಿಷ್ಯರ ಕಾಲು ತೊಳೆಯುವ ಭಾಗ ಓದುತ್ತಿದ್ದೇನೆ. ನಾಲ್ಕು ದಿನವೂ ಬರೆದದ್ದು ಆ ಶಿಷ್ಯರಲ್ಲೊಬ್ಬನಾದ ಪೇತ್ರನ ಹಿಮ್ಮಡಿ ಒಂದನ್ನೇ. ಮೀನುಗಾರನ ಕಾಲು, ಒಡೆದಿರುತ್ತದೆ. ಒಂದೊಂದೇ ಬಿರುಕು ಎಳೆಯುತ್ತಾ ಹೋದ ಹಾಗೆ ಅದು ನಮ್ಮ ಅಪ್ಪನ ಕಾಲಾಯಿತು. ಪೆನ್ಸಿಲ್ ಕೆಳಗಿಟ್ಟು ಅತ್ತುಬಿಟ್ಟೆ.

ಯೇಸುವಿನ ಕೈ ಇನ್ನೂ ಬರೆದಿಲ್ಲ. ನಾಳೆ ಬೆಳಿಗ್ಗೆ ಅಲ್ಲಿಂದ ಶುರು.