ಹರಿವೆ ಪಲ್ಯ ಫೇಲ್ ಆಗಲಿಕ್ಕಿದ್ದ ದಿನ

ಮಂಗಳೂರಿನ ಒಂದು ಫುಡ್ ಲ್ಯಾಬಿನಲ್ಲಿ ನನ್ನ ಕೆಲಸ. ಆಹಾರದಲ್ಲಿ ಜಾಸ್ತಿಯಾದರೆ ವಿಷವಾಗುವ ನೈಟ್ರೈಟ್ ನೋಡಲು ಪೇಪರ್ ಸ್ಟ್ರಿಪ್ ನಾವೇ ಮಾಡಿಕೊಳ್ಳಲು ಶುರು ಮಾಡಿದಾಗ ಎಲ್ಲರಿಗೂ ಖುಷಿಯಾಗಿತ್ತು. ವಾಟ್‌ಮನ್ ನಂಬರ್ 1 ಫಿಲ್ಟರ್ ಪೇಪರ್, ಅದರ ಮೇಲೆ ಮೇಣದ ಗೆರೆ. ಮೇಣ ಕರಗಿ ಪೇಪರಿನೊಳಗೆ ಇಳಿದರೆ ಬೊಟ್ಟಿನ ಸುತ್ತ ಗೋಡೆ ಕಟ್ಟಿದ ಹಾಗೆ, ಹನಿ ಆಚೆ ಹರಿಯುವುದಿಲ್ಲ. ಬೊಟ್ಟಿನಲ್ಲಿ ಸಲ್ಫಾನಿಲಮೈಡ್, ಎನ್‌ಇಡಿ ಅನ್ನುವ, ಬಣ್ಣ ಕಟ್ಟುವ ಎರಡು ಕೆಮಿಕಲ್, ಜೊತೆಗೆ ಸಿಟ್ರಿಕ್ ಆಸಿಡ್. ನೈಟ್ರೈಟ್ ಇದ್ದರೆ ಕೆಲವೇ ನಿಮಿಷದಲ್ಲಿ ಪಿಂಕ್ ಬರುತ್ತದೆ. ಬಣ್ಣದ ಈ ವಿದ್ಯೆ ಪೀಟರ್ ಗ್ರೀಸ್ 1879ರಲ್ಲಿ ತೋರಿಸಿಕೊಟ್ಟದ್ದು. ಪೇಪರಿನಲ್ಲಿ ಹೀಗೆ ದಾರಿ ಕೊರೆದು ಟೆಸ್ಟ್ ಮಾಡುವ ಕೆಲಸಕ್ಕೆ ಜೋರು ಬಂದದ್ದು 2007ರಲ್ಲಿ, ಹಾರ್ವರ್ಡಿನ ವೈಟ್‌ಸೈಡ್ಸ್ ತಂಡದ ನಂತರ.

ತೊಂದರೆ ಸ್ಟ್ರಿಪ್‌ನದ್ದಲ್ಲ. ಅಗ್ಗದ ಟೆಸ್ಟ್ ಅಂದ ಕೂಡಲೇ ಬ್ಲಾಂಕ್ (ಬಣ್ಣ ಕಟ್ಟುವ ಕೆಮಿಕಲ್ ಒಂದನ್ನು ಬಿಟ್ಟು, ಹೋಲಿಸಿ ನೋಡಲು ಮಾಡುವ ಟೆಸ್ಟ್) ಕೂಡ ದಂಡ ಖರ್ಚು ಅಂತ ನೋಡುವವರದ್ದು.

ಒಂದು ಬೆಳಿಗ್ಗೆ ಹಾಸ್ಟೆಲ್ ಮೆಸ್‌ನವರೊಬ್ಬರು ಸ್ಟೀಲ್ ಡಬ್ಬಿ ಹಿಡಿದುಕೊಂಡು ಬಂದರು. ಹಿಂದಿನ ರಾತ್ರಿಯ ಹರಿವೆ ಪಲ್ಯ. ತಿಂದ ಕೆಲವು ಮಕ್ಕಳಿಗೆ ವಾಂತಿಯಾಗಿತ್ತು. ಹರಿವೆಯಂಥ ಸೊಪ್ಪಿನಲ್ಲಿ ನೈಟ್ರೇಟ್ ಜಾಸ್ತಿ. ಬೇಯಿಸಿದ್ದನ್ನು ನಮ್ಮೂರ ಸೆಕೆಗೆ ಹೊರಗೇ ಇಟ್ಟರೆ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಬಹುದು. ಹಾಗಾಗಿ ಸಂಶಯ ಬಂದದ್ದು ಸರಿಯೇ.

ಪಲ್ಯದಿಂದ ತೆಗೆದ ರಸ, ಅಂದರೆ ಎಕ್ಸ್‌ಟ್ರಾಕ್ಟ್, ಸೋಸಿ ಸ್ಟ್ರಿಪ್ ಮೇಲೆ ಹನಿ ಬಿಟ್ಟೆ. ಬಿಟ್ಟ ಗಳಿಗೆಯಲ್ಲೇ ಪಿಂಕ್. ಹೋಲಿಸಿ ನೋಡುವ ಬಣ್ಣದ ಕಾರ್ಡಿನಲ್ಲಿ ಕೊನೇ, ಎಲ್ಲಕ್ಕಿಂತ ಗಾಢ ಬಣ್ಣಕ್ಕೆ ಹತ್ತಿರ. ಮ್ಯಾನೇಜರ್ ಹಿಂದೆಯೇ ನಿಂತಿದ್ದರು, ಕೈಯಲ್ಲಿ ಫೋನ್.

"ಪಿಂಕ್ ಬಂತಲ್ಲ, ಇನ್ನೆಂತ ನೋಡ್ಲಿಕ್ಕುಂಟು? ಫೇಲ್ ಅಂತ ಹಾಕಿ."

"ಒಂದು ಹತ್ತು ನಿಮಿಷ ಕೊಡಿ ಸರ್."

"ಹೊರಗೆ ಅವರು ಕಾಯ್ತಾ ಇದ್ದಾರೆ ಮಾರಾಯ್ರೆ."

ನನಗೆ ಕಿರಿಕಿರಿಯಾದದ್ದು ಆ ಬಣ್ಣ ಬಂದ ರೀತಿ. ಗ್ರೀಸ್ ಪಿಂಕ್ ಹಾಗೆ ಬರುವುದಿಲ್ಲ. ಮೊದಲು ಪೇಪರ್ ಸುಮ್ನೆ ಒದ್ದೆಯಾಗುತ್ತದೆ, ಆಮೇಲೆ ಮೆಲ್ಲ ಕೆಂಪೇರುತ್ತದೆ. ಇದು ಹನಿಯ ಜೊತೆಗೇ ಬಂದಿತ್ತು. ಕೆಂಪು ಹರಿವೆ ಅಲ್ವಾ! ಕಲಸಿದರೆ ಅನ್ನವೇ ಕೆಂಪಾಗುವ ಪಲ್ಯ. ಆದರೆ ಹಾಗೆ ಅನ್ನಿಸಿತು ಅಂತ ರಿಪೋರ್ಟಿನಲ್ಲಿ ಬರೆಯಲಿಕ್ಕಾಗುತ್ತದಾ?

ಬ್ಲಾಂಕಿಗಾಗಿ ಎನ್‌ಇಡಿ ಬಿಟ್ಟು ಉಳಿದದ್ದೆಲ್ಲ ಹಾಕಿದ ಬೊಟ್ಟು ಮಾಡಿಕೊಂಡೆ. ಅದು ಒಣಗುವಷ್ಟು ಹೊತ್ತು ಮ್ಯಾನೇಜರ್ ಮಾತಾಡಲಿಲ್ಲ, ಬಾಗಿಲ ತನಕ ಹೋಗಿ ಬರುತ್ತಾ ಇದ್ದರು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅದೇ ಎಕ್ಸ್‌ಟ್ರಾಕ್ಟಿನ ಹನಿ ಬಿಟ್ಟೆ. ಎನ್‌ಇಡಿ ಇಲ್ಲದೆ ಡೈ ಆಗಲಿಕ್ಕೇ ಸಾಧ್ಯವಿಲ್ಲ. ಆದರೂ ಪಿಂಕ್! ಎರಡನ್ನೂ ಕಿಟಕಿ ಬೆಳಕಿಗೆ ಹಿಡಿದು ನೋಡಿದರೆ ಯಾವುದು ಯಾವುದು ಅಂತ ಗೊತ್ತಾಗದಷ್ಟು ಒಂದೇ ತರ.

ಆಮೇಲೆ ಸೊಪ್ಪಿನ ಬಣ್ಣ ತೆಗೆಯಲು ಎಕ್ಸ್‌ಟ್ರಾಕ್ಟನ್ನು ಚಾರ್ಕೋಲ್ ಹಾಕಿ ಸೋಸಿದೆ. ಚಾರ್ಕೋಲ್ ನೈಟ್ರೈಟನ್ನೂ ನುಂಗಿಬಿಟ್ಟಿದ್ದರೆ? ಅದಕ್ಕೇ ಇನ್ನೊಂದು ಪಾಲಿಗೆ ಸ್ಟ್ಯಾಂಡರ್ಡ್ (ನೈಟ್ರೈಟ್ ಎಷ್ಟಿದೆ ಅಂತ ಗೊತ್ತಿರುವ ದ್ರಾವಣ) ಸೇರಿಸಿ ಅದನ್ನೂ ಸೋಸಿದೆ. ಹಾಗೆ ಸೇರಿಸಿದ ಪಾಲು, ಅಂದರೆ ಸ್ಪೈಕ್, ಚೆನ್ನಾಗಿ ಪಿಂಕ್ ಬಂತು. ಬರೀ ಪಲ್ಯದ್ದು ಪೇಪರ್ ಬಿಳಿಯಾಗಿಯೇ ಉಳಿಯಿತು. ಸಂಜೆ ಬಣ್ಣ ಅಳೆಯುವ ಯಂತ್ರ ಸ್ಪೆಕ್ಟ್ರೋದಲ್ಲಿ 540 ನ್ಯಾನೋಮೀಟರಿಗೆ ಇಟ್ಟು ನೋಡಿದಾಗಲೂ ಅದೇ ಉತ್ತರ.

ಸ್ಯಾಂಪಲ್ ರೋಗಾಣು ಹುಡುಕುವ ಮೈಕ್ರೋ ಸೆಕ್ಷನ್‌ಗೆ ಹೋಯಿತು. ವಾಂತಿಗೆ ಕಾರಣ ಹುಡುಕಬೇಕಾದದ್ದು ಅಲ್ಲಿ. ನೈಟ್ರೈಟ್ ಫೇಲ್ ಅಂತ ಬರೆದಿದ್ದರೆ ಅಲ್ಲಿಗೆ ಯಾರೂ ಕಳಿಸುತ್ತಿರಲಿಲ್ಲ. ಅಡುಗೆಯವರ ತಲೆಗೆ ಕಟ್ಟಿ ಮುಗಿಸುತ್ತಿದ್ದರು. ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಹೊಸದಾಗಿ ಸೇರಿದವರಿಗೆ ಇನ್ನೆರಡು ಮಾತು. ಕೆಡದಿರಲು ನೈಟ್ರೈಟ್ ಹಾಕುವ ಸಾಸೇಜಿನಂಥ ಮಾಂಸದಲ್ಲಿ ಬಣ್ಣ ತೆಳುವಾಗಿ ಬಂದರೆ ನೈಟ್ರೈಟ್ ಕಡಿಮೆ ಅಂತ ಕೂಡಲೇ ನಂಬಬೇಡಿ. ಲೇಬಲ್ ಓದಿ. ಆಸ್ಕಾರ್ಬೇಟ್, ಎರಿಥಾರ್ಬೇಟ್ ಅನ್ನುವ, ಮಾಂಸಕ್ಕೆ ಸೇರಿಸುವ ಪದಾರ್ಥ ಇದ್ದರೆ ಬಣ್ಣ ತಗ್ಗುತ್ತದೆ. ನೈಟ್ರೈಟ್ ವಿಪರೀತ ಇದ್ದರೂ ಪಿಂಕ್ ಹೋಗಿ ಹಳದಿ-ಕಂದು ಆಗಬಹುದು, ಡೈಲ್ಯೂಟ್ ಮಾಡಿ ಪುನಃ ನೋಡಿ. ಸ್ಟ್ರಿಪ್ ಡಬ್ಬಿಯನ್ನು ಬರ್ನರ್ ಹತ್ತಿರ ಇಡಲೇಬೇಡಿ. ಉರಿಯಿಂದ ಬರುವ ನೈಟ್ರೋಜನ್ ಡೈಆಕ್ಸೈಡಿಗೆ ಸ್ಟ್ರಿಪ್ ತಾನಾಗಿ ಪಿಂಕ್ ಆಗುತ್ತದೆ. ಮಳೆಗಾಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಲ್ಲದೆ ಇಡುವ ಮಾತೇ ಇಲ್ಲ.

ರಿಪೋರ್ಟ್ ಫಾರ್ಮ್ಯಾಟಿನಲ್ಲಿ ಬ್ಲಾಂಕಿಗೆ ಒಂದು ಕಾಲಂ ಬೇಕು ಅಂತ ಬರೆದುಕೊಟ್ಟಿದ್ದೇನೆ. ಸಾಫ್ಟ್‌ವೇರ್‌ನವರನ್ನು ಕೇಳಬೇಕಂತೆ. ಅಲ್ಲಿಯವರೆಗೆ ಬ್ಲಾಂಕ್ ಪೇಪರನ್ನು ಸ್ಯಾಂಪಲ್ ಸ್ಟ್ರಿಪ್ ಪಕ್ಕದಲ್ಲೇ ಪಿನ್ ಮಾಡಿ ಫೈಲಿಗೆ ಹಾಕುತ್ತಿದ್ದೇನೆ. ಸಹಿ ಹಾಕುವವರು ಎರಡನ್ನೂ ನೋಡಿಯೇ ಹಾಕಲಿ.